ಕುರಿಗೆ ಬಾಲ ಒಂದೇ

ಜನವರಿ ೯

ಕಾಲು ಮುರಿದುಕೊಂಡು ಬಿದ್ದಿರುವ ಹೆಂಗಸಿಗೆ ಎರಡೇ ಕೆಲಸ: ಕಿಟಕಿ ನೋಡುವುದು, ಫೋನಿನಲ್ಲಿ ಮಾತಾಡುವುದು. ಕಿಟಕಿಯಾಚೆ ಕರಕೋಲ್ ಊರಿಗೆ ಊರೇ ಹಿಮ ಹೊದ್ದು ಮಲಗಿದೆ. ನೋಡಲು ಏನೂ ಇಲ್ಲ. ಹಾಗಾಗಿ ಫೋನು.

ಇವತ್ತು ಮಗಳು ಜಿಬೆಕ್ ಆಸ್ಪತ್ರೆಯಿಂದ ಬರುವಾಗ ಕಂಕುಳಲ್ಲಿ ಒಂದು ಹಳೇ ಲ್ಯಾಪ್‌ಟಾಪ್ ಅವುಚಿಕೊಂಡು ಬಂದಳು. ಅಲ್ಲಿಯವರು ಬೇಡವೆಂದು ಮೂಲೆಗೆ ಹಾಕಿದ್ದಂತೆ.

“ಅಮ್ಮಾ, ಒಂದು ಕಾಲದಲ್ಲಿ ನಾನು ದೊಡ್ಡ ಪ್ರೋಗ್ರಾಮರ್ ಆಗಿದ್ದೆ ಅಂತ ಊರಿಗೆಲ್ಲ ಹೇಳ್ಕೊಂಡು ಬರ್ತೀಯಲ್ಲ. ತಗೋ, ಬರಿ. ಇನ್ಮೇಲೆ ನಾನು ರೋಗಿಗೆ ಸೂಜಿ ಚುಚ್ಚೋವಾಗ ಫೋನ್ ಮಾಡಿ ‘ಈರುಳ್ಳಿ ಎಲ್ಲಿಟ್ಟೆ’ ಅಂತ ಕೇಳ್ಬೇಡ.”

ದೊಡ್ಡ ಪ್ರೋಗ್ರಾಮರ್ ಹೌದೋ ಅಲ್ಲವೋ, ದೊಡ್ಡ ಯಂತ್ರ ಮಾತ್ರ ಹೌದು. ಕಾರ್ಖಾನೆಯ ಗಣಕ ಕೇಂದ್ರದಲ್ಲಿ ಅದು ಒಂದು ಕೋಣೆಯ ತುಂಬ ಇತ್ತು. ಬಿಳಿ ಕೋಟು ತೊಟ್ಟು, ಚಪ್ಪಲಿ ಹೊರಗೆ ಬಿಟ್ಟು, ಪ್ರೋಗ್ರಾಂ ಕೊರೆದ ತೂತು ಕಾರ್ಡುಗಳ ಕಟ್ಟನ್ನು ಹಸುಗೂಸಿನ ಹಾಗೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದೆವು. ಸೋವಿಯತ್ ಒಕ್ಕೂಟ ಮುರಿದ ಮೇಲೆ ಯಂತ್ರವನ್ನೂ ಮುರಿದು, ಒಳಗಿನ ಚೂರುಪಾರು ಚಿನ್ನಕ್ಕಾಗಿ ಮಾರಿದರು. ನಾನು ಬಜಾರಿನಲ್ಲಿ ಉಣ್ಣೆಯ ಕಾಲುಚೀಲ ಮಾರಲು ಕೂತೆ. ಅದಕ್ಕೆ ಪ್ರೋಗ್ರಾಂ ಬೇಕಿರಲಿಲ್ಲ, ಗಂಟಲು ಬೇಕಿತ್ತು. ಮೂವತ್ತು ವರ್ಷ ಹಾಗೇ ಕಳೆಯಿತು.

ಇವತ್ತು ಲ್ಯಾಪ್‌ಟಾಪಿನ ಮುಚ್ಚಳ ತೆರೆಯಲಿಲ್ಲ. ಹೆದರಿಕೆ ಎಂದಲ್ಲ. ಮನಸ್ಸಾಗಲಿಲ್ಲ.

ಜನವರಿ ೧೩

ಬುರುಲ್ ಬಂದಳು! ಜಿಬೆಕ್ ನನ್ನನ್ನು ಒಂದು ಮಾತೂ ಕೇಳದೆ ಕರೆಸಿದ್ದಾಳೆ. ಅವಳಿಗೆ ಆಸ್ಪತ್ರೆ, ನನ್ನನ್ನು ನೋಡಿಕೊಳ್ಳಲು ಒಬ್ಬರು ಬೇಕಂತೆ. ಲೋಕದಲ್ಲಿ ಇನ್ಯಾರೂ ಸಿಗಲಿಲ್ಲವೆ?

ಬುರುಲ್ ನನ್ನ ಓರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ಅಣ್ಣತಮ್ಮಂದಿರು ಇಬ್ಬರೂ ಮಣ್ಣು ಸೇರಿ ವರ್ಷಗಳಾದವು. ಹೋದ ಶರತ್ಕಾಲದಲ್ಲಿ, ಬಳಗದ ಹಿರಿಯಳಾಗಿದ್ದ ಕಲಿಚಾ ಅತ್ತೆಯ ತಿಥಿಯೂಟದಲ್ಲಿ ನಾವಿಬ್ಬರೂ ಜಗಳ ಆಡಿದೆವು, ಆಮೇಲೆ ಮಾತು ಬಿಟ್ಟೆವು.

ಅವಳು ಒಂದು ಚೀಲ, ಒಂದು ದಿಂಬು, ಒಂದು ಗಡಿಗೆ ಕೆನೆ ಹೊತ್ತು ಬಂದು ಬಾಗಿಲಲ್ಲಿ ನಿಂತಳು.

“ಎಲ್ಲಿ ಬಿದ್ದೆ?”

“ಮಂಜುಗಡ್ಡೆ ಮೇಲೆ.”

“ಮೂಗು ಮೇಲೆ ಮಾಡ್ಕೊಂಡು ನಡೆದ್ರೆ ಮಂಜುಗಡ್ಡೆ ಹೇಗೆ ಕಾಣ್ಬೇಕು?”

ಮೊದಲ ದಿನದ ಮಾತುಕತೆ ಅಷ್ಟೇ. ಭಾವನ ಹೆಂಡತಿಯನ್ನು ಅಕ್ಕ ಅನ್ನಬೇಕು, ಅದು ಪದ್ಧತಿ. ಆದರೆ ಪಾಸ್‌ಪೋರ್ಟಿನ ಪ್ರಕಾರ ಅವಳು ನನಗಿಂತ ಚಿಕ್ಕವಳು. ಅಕ್ಕ ಅನ್ನಲು ನನ್ನ ನಾಲಿಗೆ ಹೊರಳಲಿಲ್ಲ. ಏನಾದರೂ ಬೇಕಾದಾಗ ಕೆಮ್ಮಿದೆ.

ಜನವರಿ ೧೪

ಗೊರಕೆ. ಗೊರಕೆಯಲ್ಲ, ಟ್ರಾಕ್ಟರು. ಗೇರು ಬೇರೆ ಬದಲಾಯಿಸುತ್ತದೆ. ಇರುವುದು ಒಂದೇ ಮಲಗುವ ಕೋಣೆ. ದೇವರೇ, ಕಾಲು ಬೇಗ ಕೂಡಿಸು.

ಜನವರಿ ೨೦

ಟ್ರಾಕ್ಟರಿನಿಂದ ತಪ್ಪಿಸಿಕೊಳ್ಳಲು ಬೆಳಗಾಗೆದ್ದು ಲ್ಯಾಪ್‌ಟಾಪ್ ತೆರೆದೆ. ಈಗಿನ ಪ್ರೋಗ್ರಾಂ ಭಾಷೆ ನಮ್ಮ ಕಾಲದ್ದಲ್ಲ. ನಾನು ಅಭ್ಯಾಸಬಲದಿಂದ ಎಲ್ಲವನ್ನೂ ದೊಡ್ಡಕ್ಷರದಲ್ಲಿ ಬರೆದೆ. ಯಂತ್ರ ಒಪ್ಪಲಿಲ್ಲ. ಸಾಲಿನ ಮುಂದೆ ಒಂದಿಷ್ಟು ಜಾಗ ಬಿಡಬೇಕಂತೆ, ಬಿಟ್ಟೆ. ಅದಕ್ಕೂ ತಕರಾರು. ಹೊಸ ಸೊಸೆ ಮಾಡಿದ ಚಹಾಕ್ಕೆ ಹೆಸರಿಡುವ ಅತ್ತೆಯ ಹಾಗೆ ಆಡುತ್ತದೆ.

ಮಧ್ಯಾಹ್ನದ ಹೊತ್ತಿಗೆ ಪರದೆಯ ಮೇಲೆ ‘ಸಲಾಂ, ನಸಿಪಾ’ ಎಂದು ಬಂತು. ನಾನು ಹೇಳಿದ್ದನ್ನು ನನಗೇ ಹೇಳಿತು, ಅಷ್ಟೇ. ಕಣ್ಣಲ್ಲಿ ನೀರು ಬಂತು. ಬುರುಲ್ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು, ಅದರಿಂದ.

ಜಿಬೆಕ್‌ಳಿಂದ ಒಂದು ಪೆನ್‌ಡ್ರೈವ್ ತರಿಸಿ ಬರೆದದ್ದರ ಪ್ರತಿ ಇಟ್ಟುಕೊಂಡೆ. ಇನ್ನು ದಿನಾ ಇಡುತ್ತೇನೆ. ಕೇಂದ್ರದಲ್ಲಿ ನಮ್ಮ ಮೇಲಧಿಕಾರಿ ಲಿಡಿಯಾ ಪೆತ್ರೋವ್ನಾ ಹೇಳುತ್ತಿದ್ದರು, ಪ್ರತಿ ಇಲ್ಲದ ಪ್ರೋಗ್ರಾಂ ಬಾಗಿಲಿಲ್ಲದ ಕೊಟ್ಟಿಗೆ ಎಂದು. ಪೆನ್‌ಡ್ರೈವ್ ಸಕ್ಕರೆ ಡಬ್ಬಿಯ ಹಿಂದೆ ಇದೆ. ಇಲ್ಲಿ ಬರೆದಿಡದಿದ್ದರೆ ಮರೆಯುತ್ತೇನೆ.

ಜನವರಿ ೨೮

ಕಿರಿಯ ಮೈದುನನ ಮಗ ಎರ್ಕಿನ್ ಬಂದಿದ್ದ. ಅವನ ಕೂಸು ಮಿರ್ಲಾನ್ ಹೆಜ್ಜೆ ಹಾಕಲು ಶುರುಮಾಡಿದ್ದಾನೆ. ಮೇ ತಿಂಗಳಲ್ಲಿ ಔತಣ: ಮಗುವಿನ ಕಾಲಿಗೆ ದಾರ ಕಟ್ಟಿ, ಕತ್ತರಿಸಿ, ಓಡಲು ಬಿಡುತ್ತಾರೆ.

“ದೊಡ್ಡಮ್ಮ, ಮೂಳೆ ಹಂಚೋದು ನಂಗೆ ತಲೆನೋವಾಗಿದೆ. ಹೋದ ಸಲ ಮಾವ ಒಬ್ರಿಗೆ ಪಕ್ಕೆಲುಬು ಹೋಯ್ತು ಅಂತ ಕುದುರೆ ಹತ್ತಿ ಹೊರಟೇ ಹೋದ್ರು. ನೀವು ಕಂಪ್ಯೂಟರಲ್ಲಿ ಪಟ್ಟಿ ಮಾಡ್ಕೊಡಿ. ಕಂಪ್ಯೂಟರ್ ಹೇಳಿದ್ರೆ ಯಾರೂ ಉಸಿರೆತ್ತಲ್ಲ.”

ಸರಿಯಾದ ಕೆಲಸ ಸಿಕ್ಕಿತು. ಯಾರಿಗೆ ಯಾವ ಮೂಳೆ ಎಂಬುದು ವಯಸ್ಸಿನ ಲೆಕ್ಕ, ಸಂಬಂಧದ ಲೆಕ್ಕ, ಮುಲಾಜಿನ ಲೆಕ್ಕ. ಹಿರಿಯ ಗಂಡಸರಿಗೆ ಸೊಂಟದ ಮೂಳೆ, ಅಳಿಯನಿಗೆ ಎದೆ, ಸೊಸೆಯರಿಗೆ ಬೆನ್ನು. ಹಿರಿಯ ಹೆಂಗಸಿಗೆ ಉಚಾ, ಅಂದರೆ ಬಾಲದ ಬುಡ, ಕೊಬ್ಬು ಜಿನುಗುವಂಥದ್ದು. ಗಂಡಸರ ಕೋಣೆಯ ಕುರಿಯ ಉಚಾ ಬೀಗಿತ್ತಿಗೆ ಹೋಗುತ್ತದೆ. ನಮ್ಮ ಕೋಣೆಗೆ ಒಂದು ಕುರಿ. ಕುರಿಗೆ ಬಾಲ ಒಂದೇ.

ತೊಂಬತ್ತು ದಾಟಿದ ಕಲಿಚಾ ಅತ್ತೆ ಇದ್ದ ತನಕ ಅದು ಅವರದ್ದು. ಅವರ ತಿಥಿಯೂಟದಲ್ಲಿ ತಟ್ಟೆಯನ್ನು ನನ್ನ ಮತ್ತು ಬುರುಲ್ ನಡುವೆ ಇಟ್ಟರು. ಇಬ್ಬರೂ ಕೈ ಹಾಕಿದೆವು. ಇಬ್ಬರೂ ಬಿಡಲಿಲ್ಲ. ಕೊಬ್ಬು ಹೆಪ್ಪುಗಟ್ಟಿತು, ಮರ್ಯಾದೆಯೂ ಹೋಯಿತು. ನಾನು ಹುಟ್ಟಿದ್ದು ನಲವತ್ತೊಂಬತ್ತರ ಫೆಬ್ರವರಿ. ಅವಳ ಪಾಸ್‌ಪೋರ್ಟಿನಲ್ಲಿ ಐವತ್ತರ ನವೆಂಬರ್. ಅವಳು ಮಾತ್ರ ‘ನಾನು ಇಲಿ ವರ್ಷದವಳು, ನಲವತ್ತೆಂಟು’ ಎಂದು ಸಾಧಿಸುತ್ತಾಳೆ. ನಮ್ಮಲ್ಲಿ ವರ್ಷಕ್ಕೊಂದು ಪ್ರಾಣಿಯ ಹೆಸರು, ಹನ್ನೆರಡು ವರ್ಷಕ್ಕೊಂದು ಸುತ್ತು.

ಈಗ ನೋಡೋಣ. ಈ ಸಲ ಉಚಾ ನನ್ನ ತಟ್ಟೆಗೇ ಬೀಳಬೇಕು, ಅದೂ ಲೆಕ್ಕದ ಪ್ರಕಾರ, ಎಲ್ಲರೆದುರು.

ಫೆಬ್ರವರಿ ೩

ಉಪಾಯ ಮಾಡಿದ್ದೇನೆ. ಅವಳ ಬಾಯಿಂದಲೇ ಅವಳ ವಯಸ್ಸು ಹೊರಡಿಸುವುದು. ‘ಪಟ್ಟಿಗೆ ಎಲ್ಲರ ವಿವರ ಬೇಕು, ನಿನ್ನದೂ ಹೇಳು’ ಎಂದೆ. ಅಡ್ಡಾದಿಡ್ಡಿ ಪ್ರಶ್ನೆ ಕೇಳಿ ಎಲ್ಲಾದರೂ ಎಡವಿಸಬೇಕು.

“ಚಿಕ್ಕವಳಿದ್ದಾಗಿಂದ ಹೇಳ್ಲಾ?” ಎಂದಳು.

“ಹುಟ್ಟಿದಾಗಿಂದ ಹೇಳು.”

ಮಂಚದ ತುದಿಗೆ ಬಂದು ಕೂತಳು. “ಇದನ್ನ ನನ್ನ ಯಾರೂ ಕೇಳಿರಲಿಲ್ಲ. ಮನೇಲಿ ನನ್ನ ಮಾತು ಕೇಳೋದು ಹಸು ಒಂದೇ.”

ಸುಳ್ಳಲ್ಲ. ದಿನಾ ಸಂಜೆ ಮನೆಗೆ ಫೋನ್ ಮಾಡಿ, ಮೊಮ್ಮಗಳ ಕೈಯಲ್ಲಿ ಫೋನನ್ನು ಹಸುವಿನ ಕಿವಿಗೆ ಹಿಡಿಸಿ ಮಾತಾಡುತ್ತಾಳೆ. ಆ ಕಡೆಯಿಂದ ಉತ್ತರವೂ ಬರುತ್ತದೆ.

ಫೆಬ್ರವರಿ ೧೧

ಇವತ್ತು ಪೂರ್ತಿ ಅವಳ ಕಥೆಯೇ. ಬೇಸಿಗೆಯ ಹುಲ್ಲುಗಾವಲಿನಿಂದ ತಡವಾಗಿ ಇಳಿದು ಬರುವಾಗ ಹೊಳೆ ದಂಡೆಯಲ್ಲಿ ಹುಟ್ಟಿದ್ದಂತೆ. ಹೆಸರು ಬರೆದುಕೊಳ್ಳುವ ಗುಮಾಸ್ತ ಅವರ ಹಳ್ಳಿಗೆ ಬಂದದ್ದು ಎರಡು ಚಳಿಗಾಲ ಕಳೆದ ಮೇಲೆ. ಅವನು ತಾನು ಬಂದ ದಿನವನ್ನೇ ಮಗು ಹುಟ್ಟಿದ ದಿನ ಎಂದು ಬರೆದು, ಕೆನೆ ತಿಂದು ಹೋದ.

“ಅದಕ್ಕೇ ಶಾಲೆಗೆ ಎರಡು ವರ್ಷ ತಡವಾಗಿ ಹಾಕಿದ್ರು ಕಣೇ. ಕಾಗದದಲ್ಲಿ ಚಿಕ್ಕವಳು ಅಲ್ವಾ! ಎಲ್ಲಾ ಗುಬ್ಬಚ್ಚಿಮರಿಗಳು, ಮಧ್ಯೆ ನಾನೊಂದು ಒಂಟೆ. ನಾಚಿಕೆ ಆಗ್ತಿತ್ತು. ಐದನೇ ಕ್ಲಾಸಿಗೆ ಬಿಟ್ಬಿಟ್ಟೆ. ನಿಂಗೆ ರಾಜಧಾನಿ ಫ್ರುಂಜೆಯ ಕಾಲೇಜು ಸಿಕ್ತು, ನಂಗೆ ಹಸು ಸಿಕ್ತು. ಉಚಾ ಯಾರಿಗೆ ಬೇಕು, ಕೊಬ್ಬು ನಂಗೆ ಆಗೋದೂ ಇಲ್ಲ. ಆ ಎರಡು ವರ್ಷ ವಾಪಸ್ ಬೇಕು, ಅಷ್ಟೇ.”

ಪ್ರೋಗ್ರಾಮಿಗೆ ಇದೆಲ್ಲ ಬೇಕಿಲ್ಲ, ವರ್ಷ ತಿಂಗಳು ಸಾಕು. ಆದರೂ ಇಲ್ಲಿ ಬರೆದಿದ್ದೇನೆ.

ಅವಳ ತಾಯಿಯ ಎದೆಹಾಲು ಕುಡಿದ ಇನ್ನೊಂದು ಕೂಸಿತ್ತಂತೆ, ಮೇಷ್ಟ್ರ ಮಗ ಅಸನ್. ಅವನು ಹುಟ್ಟಿದ್ದೂ ಅದೇ ವಾರ. ಈಗ ಬಾಲಿಕ್ಚಿ ಊರಿನಲ್ಲಿದ್ದಾನೆ. ನಂಬರು ತೆಗೆದುಕೊಂಡೆ.

ಫೆಬ್ರವರಿ ೧೪

ಅಸನ್‌ಗೆ ಫೋನ್ ಮಾಡಿದೆ. ಮೇಷ್ಟ್ರು ಗುಮಾಸ್ತನಿಗೆ ಕಾಯದೆ ಪೇಟೆಗೆ ಹೋಗಿ ಮಗನ ಜನನವನ್ನು ಆ ವಾರವೇ ಬರೆಸಿದ್ದರು. ನಲವತ್ತೆಂಟರ ನವೆಂಬರ್. “ಬುರುಲ್ ಇನ್ನೂ ಒದೀತಾಳಾ?” ಎಂದು ಕೇಳಿದ.

ಅಂದರೆ ಅವಳು ಹೇಳಿದ್ದೇ ನಿಜ. ನನಗಿಂತ ಮೂರು ತಿಂಗಳು ದೊಡ್ಡವಳು. ಯಂತ್ರಕ್ಕೆ ಹಾಕಿದೆ. ಉಚಾ: ಬುರುಲ್.

ಯಂತ್ರ ಒಂದು ಕತ್ತೆ.

ಒಂದು ಸಾಲು ಸೇರಿಸಿದೆ: ಹೆಸರು ಬುರುಲ್ ಆಗಿದ್ದರೆ ವಯಸ್ಸಿನಲ್ಲಿ ಎರಡು ಕಳೆ. ಉಚಾ: ನಸಿಪಾ. ನೋಡಲು ಎಷ್ಟು ಚೆನ್ನಾಗಿತ್ತು! ಆಮೇಲೆ ಗುಬ್ಬಚ್ಚಿಮರಿಗಳ ಮಧ್ಯದ ಒಂಟೆ ನೆನಪಾಗಿ ಸಿಟ್ಟು ಬಂತು. ಸಾಲನ್ನು ಅಳಿಸಲಿಲ್ಲ. ಅದರ ಮುಂದೆ ಒಂದು ಗುರುತು ಹಾಕಿದರೆ ಯಂತ್ರ ಅದನ್ನು ಓದದೆ ದಾಟುತ್ತದೆ. ಹಾಗೆ ಮಲಗಿಸಿದ್ದೇನೆ. ಬೇಕಾದಾಗ ಎಬ್ಬಿಸಬಹುದು.

ಫೆಬ್ರವರಿ ೨೬

ಇವತ್ತು ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡಿತು.

ಎಲ್ಲ ಅತಿಥಿಗಳ ಹೆಸರು ತುಂಬಿಸಿ ಪಟ್ಟಿ ತೆಗೆದೆ. ಗಂಡಸರ ಕೋಣೆಯ ಅತಿ ಹಿರಿಯ, ಸೊಂಟದ ಮೂಳೆಗೆ ಅರ್ಹ ವ್ಯಕ್ತಿ: ಮಿರ್ಲಾನ್! ಹಲ್ಲು ಇನ್ನೂ ಪೂರ್ತಿ ಬಂದಿಲ್ಲ ಆ ಕೂಸಿಗೆ.

ನನ್ನದೇ ಹಳೇ ಚಾಳಿ. ನಮ್ಮ ಕಾಲದಲ್ಲಿ ಯಂತ್ರದೊಳಗೆ ಜಾಗ ಕಮ್ಮಿ, ವರ್ಷಕ್ಕೆ ಎರಡೇ ಅಂಕಿ ಕೊಡುತ್ತಿದ್ದೆವು. ಕೈ ತಾನಾಗಿಯೇ ಹಾಗೆ ಬರೆದಿದೆ. ಮಗು ಹುಟ್ಟಿದ್ದು ‘ಇಪ್ಪತ್ನಾಲ್ಕು’. ಯಂತ್ರ ಅದನ್ನು ಹಿಂದಿನ ಶತಮಾನದ ಇಪ್ಪತ್ನಾಲ್ಕು ಎಂದುಕೊಂಡಿತು. ನೂರು ದಾಟಿದ ಮುದುಕ.

ಬುರುಲ್‌ಗೆ ಹೇಳಿದೆ. ಅವಳು ಹಿಟ್ಟಿನ ಕೈಯಲ್ಲೇ ಬಂದು ಮಂಚದ ಮೇಲೆ ಕುಸಿದಳು.

“ಅಯ್ಯೋ, ತಾತ ಉಚ್ಚೆ ಹೊಯ್ಕೊಂಡ್ರೆ ಬಟ್ಟೆ ಬದಲಾಯಿಸೋರು ಯಾರು?”

“ತಾತನೇ ಎದ್ದು ಹರಸಬೇಕಲ್ಲ, ಏನಂತ ಹರಸ್ತಾನೆ?”

“ಬೂ... ಅಂತ!”

ಪಕ್ಕದ ಮನೆಯ ದುಂಗಾನ್ ಕುಲದ ಹೆಂಗಸು ಗೋಡೆ ಬಡಿದಳು. ನಾವೂ ಬಡಿದೆವು.

ಮಾರ್ಚ್ ೧೨

ಪ್ಲಾಸ್ಟರ್ ತೆಗೆದರು. ಕಾಲು ಬೆಂಡಾಗಿದೆ, ನನ್ನದೇ ಎಂದು ನಂಬಿಕೆ ಬರುವುದಿಲ್ಲ. ಕೋಲು ಹಿಡಿದು ಅಡುಗೆಮನೆ ತನಕ ಹೋದೆ. ಬುರುಲ್ ಎದುರಿನಿಂದ ಕೈ ಚಾಚಿ, “ಬಾ ಬಾ ಬಾ, ಪುಟ್ಟಿ ಬಾ” ಎಂದು ಕೋಳಿ ಕರೆಯುವ ಹಾಗೆ ಕರೆದಳು. ಕೋಲು ಎತ್ತಿದೆ. ಓಡಿದಳು.

ಮಾರ್ಚ್ ೨೧

ನೂರುಜ್, ಹೊಸ ವರ್ಷ. ಬುರುಲ್ ಕುದಿಸಿದ ಮೊಳಕೆ ಗೋಧಿಯ ಗಂಜಿ ತಿನ್ನುತ್ತ ಅವಳಿಗೆ ಪ್ರೋಗ್ರಾಂ ತೋರಿಸಿದೆ. ಈಗ ಅದು ಪ್ರತಿಯೊಬ್ಬರ ಹೆಸರಿನ ಮುಂದೆ ಪ್ರಾಣಿವರ್ಷವನ್ನೂ ಬರೆಯುತ್ತದೆ. ಬುರುಲ್, ಇಲಿ. ನಸಿಪಾ, ಹಸು.

“ನೀನು ಹಸು ಹೇಗಾಗ್ತೀಯ?” ಎಂದಳು. “ಫೆಬ್ರವರೀಲಿ ಹುಟ್ಟಿದ್ದು ತಾನೆ?”

“ನಲವತ್ತೊಂಬತ್ತು ಅಂದ್ರೆ ಹಸು ವರ್ಷ.”

“ಗೋಡೆ ಮೇಲಿನ ಕ್ಯಾಲೆಂಡರಿಗೆ ಜನವರೀಲಿ ವರ್ಷ ಹೊಸದಾಗುತ್ತೆ. ಇಲಿಗೂ ಹಸುವಿಗೂ ಇವತ್ತೇ ಹೊಸ ವರ್ಷ, ನೂರುಜ್‌ಗೆ. ನೀನು ಹುಟ್ಟಿದಾಗ ಇನ್ನೂ ಇಲಿ ವರ್ಷ ನಡೀತಿತ್ತು. ಫ್ರುಂಜೇಲಿ ಇದನ್ನ ಹೇಳ್ಕೊಡಲಿಲ್ವಾ?”

ನಾನು ಚಮಚ ಕೆಳಗಿಟ್ಟೆ. ಹೌದು! ಪ್ರೋಗ್ರಾಂ ಜನವರಿಯಲ್ಲೇ ಪ್ರಾಣಿ ಬದಲಿಸುತ್ತಿದೆ. ಎಪ್ಪತ್ತಾರು ವರ್ಷ ಹಸುವಾಗಿ ಬದುಕಿದವಳು ಗಂಜಿ ತಿನ್ನುತ್ತ ಕೂತಲ್ಲೇ ಇಲಿಯಾದೆ. ಇಬ್ಬರೂ ಒಂದೇ ಪ್ರಾಣಿ ಅಂದರೆ ಸಮವಯಸ್ಕರು. ಸಮವಯಸ್ಕರಲ್ಲಿ ಅಕ್ಕ ಇಲ್ಲ, ತಂಗಿ ಇಲ್ಲ, ಏನು ಬೇಕಾದರೂ ಬೈದುಕೊಳ್ಳಬಹುದು.

“ಹಾಗಾದ್ರೆ ಏನೇ ಮುದುಕಿ,” ಎಂದೆ. ಬೇಸಿಗೆಯಲ್ಲಿ ತಣ್ಣೀರು ಕುಡಿದಷ್ಟು ಹಿತವಾಯಿತು.

“ಏನೇ ಕುಂಟಿ,” ಎಂದಳು.

ಎರ್ಕಿನ್‌ಗೆ ಫೋನ್ ಮಾಡಿ, ವಯಸ್ಸು ಸಮವಾದರೆ ಏನು ಮಾಡಲಿ ಎಂದು ಕೇಳಿದೆ. ‘ಹಿರಿಯಣ್ಣನ ಹೆಂಡತಿಗೆ ಕೊಡಿ ದೊಡ್ಡಮ್ಮ, ಅದೇ ಪದ್ಧತಿ’ ಎಂದ. ಹಾಗೇ ಬರೆದೆ. ಉಚಾ: ಬುರುಲ್. ಅಷ್ಟೇನೂ ಉರಿಯಲಿಲ್ಲ. ಗಂಜಿ ಚೆನ್ನಾಗಿತ್ತು.

ಏಪ್ರಿಲ್ ೧೭

ಬುರುಲ್ ಎರಡು ದಿನದಿಂದ ಮಂಕಾಗಿದ್ದಳು. ಹಸುವಿಗೂ ಫೋನ್ ಮಾಡಲಿಲ್ಲ. ಇವತ್ತು ಬಂದು ಪಕ್ಕದಲ್ಲಿ ಕೂತಳು.

“ನನ್ನ ಪಾಸ್‌ಪೋರ್ಟಲ್ಲಿರೋ ಹಾಗೇ ಬರಿ. ಐವತ್ತು. ಚಿರತೆ ವರ್ಷ.”

“ಎಂಥ? ಆ ಎರಡು ವರ್ಷಕ್ಕೆ ಜೀವಮಾನವಿಡೀ ಜಗಳ ಆಡಿ, ಈಗ ಬೇಡವಾ?”

“ಬೇಡ. ಉಚಾ ನೀನೇ ತಿನ್ನು.”

ಕಾರಣ ಕೇಳಿದರೆ ಬಾಯಿ ಬಿಡಲಿಲ್ಲ. ಚಹಾ ಕೊಟ್ಟು, ಬೈದು, ಮತ್ತೆ ಚಹಾ ಕೊಟ್ಟ ಮೇಲೆ ಹೊರಬಂತು. ಕಲಿಚಾ ಅತ್ತೆಗೂ ಹಿರಿಯರಾದ ಸೊನುನ್ ಅಜ್ಜಿ ಉಚಾ ತಿಂದರು, ವರ್ಷ ತುಂಬುವುದರೊಳಗೆ ಹೋದರು. ಆಮೇಲೆ ಕಲಿಚಾ ಅತ್ತೆಗೆ ಬಂತು, ಅವರೂ ಹೋದರು.

“ತೊಂಬತ್ತಾಗಿತ್ತು ಅವ್ರಿಗೆ! ಬರೀ ನೀರು ಕುಡಿದಿದ್ರೂ ಹೋಗ್ತಿದ್ರು.”

“ಅದಲ್ಲ ಕಣೇ. ಇಷ್ಟು ದಿನ ನಮ್ಮ ಮುಂದೆ ಯಾರಾದ್ರೂ ಒಬ್ರು ಇರ್ತಿದ್ರು. ಈಗ ನೋಡಿದ್ರೆ ಸಾಲಲ್ಲಿ ನಮ್ಮ ಮುಂದೆ ಯಾರೂ ಇಲ್ಲ. ಆ ಮೂಳೆ ತಟ್ಟೆಗೆ ಬಿತ್ತು ಅಂದ್ರೆ ‘ಮುಂದಿನವಳು ನೀನೇ’ ಅಂತ ಎಲ್ಲರೂ ಸೇರಿ ಹೇಳಿದ ಹಾಗೆ. ನಂಗೆ ಹೆದರಿಕೆ ಆಗುತ್ತೆ.”

ನಗಬೇಕೆಂದಿದ್ದೆ. ನಗು ಬರಲಿಲ್ಲ, ನನಗೂ ಹೆದರಿಕೆ ಹತ್ತಿತು. ಶರತ್ಕಾಲದಲ್ಲಿ ಅದೇ ಮೂಳೆಗೆ ಇಬ್ಬರೂ ಜಗ್ಗಾಡಿದ್ದೆವಲ್ಲ, ಎಂಥ ದಡ್ಡಿಯರು.

“ನಂಗೂ ಬೇಡ,” ಎಂದೆ. “ನೀನೇ ದೊಡ್ಡವಳು.”

“ನೀನೇ ಓದಿದವಳು.”

“ನಿನ್ನ ಗಂಡನೇ ದೊಡ್ಡಣ್ಣ.”

ಮತ್ತೆ ಜಗಳ. ಈ ಸಲ ತಟ್ಟೆ ಎಳೆಯುವುದಕ್ಕಲ್ಲ, ತಳ್ಳುವುದಕ್ಕೆ.

ಮೇ ೩

ನಾಳೆ ಔತಣ. ಬುರುಲ್ ತನ್ನ ಚೀಲ ಕಟ್ಟಿಟ್ಟಿದ್ದಾಳೆ. ನನ್ನ ಕಾಲು ಕೂಡಿದೆಯಲ್ಲ, ನಾಡಿದ್ದು ಎರ್ಕಿನ್ ಕಾರಿನಲ್ಲಿ ಊರಿಗೆ ಬಿಡುತ್ತಾನಂತೆ. ಒಳ್ಳೆಯದೇ. ಕೋಣೆ ನನ್ನೊಬ್ಬಳಿಗೇ ಆಗುತ್ತದೆ. ಟ್ರಾಕ್ಟರಿನ ಕಾಟ ತಪ್ಪುತ್ತದೆ.

ಪಟ್ಟಿ ಕಳಿಸುವ ಮೊದಲು, ಮಲಗಿದ್ದ ಆ ಸಾಲನ್ನು ಎಬ್ಬಿಸಿದೆ. ಬುರುಲ್ ವಯಸ್ಸಿನಲ್ಲಿ ಎರಡು ಕಳೆ. ಉಚಾ: ನಸಿಪಾ. ಬೇರೇನೂ ಅಲ್ಲ, ಅವಳು ಮಂಕು ಹಿಡಿದು ಕೂತರೆ ನಾಳೆ ಔತಣದಲ್ಲಿ ನನಗೆ ಹರಟೆಗೆ ಯಾರು?

ಮೇ ೪

ಕಾಲಿನ ದಾರ ಕತ್ತರಿಸಿದ ಮೇಲೆ ಮಿರ್ಲಾನ್ ನಾಲ್ಕು ಹೆಜ್ಜೆ ಓಡಿ, ನೇರ ಹೋಗಿ ಕುರಿಯ ಚರ್ಮದ ಮೇಲೆ ಬಿದ್ದು ನಿದ್ದೆಹೋದ. ನೂರು ವರ್ಷದ ಮುದುಕ, ಪಾಪ.

ಎರ್ಕಿನ್ ಹೆಂಗಸರ ಕೋಣೆಗೆ ಬಂದು ಪಟ್ಟಿ ಓದಿದ. “ಉಚಾ, ನಸಿಪಾ ದೊಡ್ಡಮ್ಮ.” ತಟ್ಟೆ ನನ್ನ ಮುಂದೆ ಬಂತು. ಎಲ್ಲರೂ ಬುರುಲ್ ಮುಖ ನೋಡಿದರು, ಈಗ ಕಿತ್ತಾಟ ಎಂದು. ಬುರುಲ್ ನನ್ನ ಮುಖ ನೋಡಿದಳು.

“ನೂರುಜ್ ದಿನ ನನ್ನ ಹೆಸರಿತ್ತು,” ಎಂದು ಪಿಸುಗುಟ್ಟಿದಳು. “ನಿನ್ನ ಕಂಪ್ಯೂಟರ್ ಸುಳ್ಳು ಹೇಳ್ತಾ?”

“ಕಂಪ್ಯೂಟರ್ ಸುಳ್ಳು ಹೇಳಲ್ಲ.”

“ನೀನು ಹೇಳ್ತೀಯ.”

ಚಾಕು ತೆಗೆದುಕೊಂಡಳು. ಉಚಾದಿಂದ ಅಕ್ಕಪಕ್ಕದವರಿಗೆ ಒಂದೊಂದು ಚೂರು ಕೊಡುವುದುಂಟು. ಇವಳು ಹಾಗಲ್ಲ, ನಟ್ಟನಡುವೆ ಚಾಕು ಊರಿ, ಮೂಳೆ ಸಂದು ಹುಡುಕಿ, ಎರಡು ಹೋಳು ಮಾಡಿದಳು. ಇಂಥದ್ದನ್ನು ನಮ್ಮ ಬಳಗದಲ್ಲಿ ಯಾರೂ ಕಂಡಿಲ್ಲ.

“ಇವಳೂ ಇಲಿ, ನಾನೂ ಇಲಿ,” ಎಂದು ಕೋಣೆಗೆಲ್ಲ ಕೇಳುವಂತೆ ಹೇಳಿದಳು. “ಕುರಿಗೆ ಬಾಲ ಒಂದೇ ಇದ್ರೆ ಅದು ಕುರಿ ತಪ್ಪು.”

ಕೋಣೆ ಹೋ ಎಂದಿತು. ಆ ಗದ್ದಲದಲ್ಲಿ ನನ್ನ ಕಿವಿಯ ಹತ್ತಿರ ಬಗ್ಗಿ, “ಹೋಗೋದಾದ್ರೆ ಇಬ್ಬರೂ ಹೋಗೋಣ. ಅಲ್ಲಿ ಒಬ್ಬಳೇ ಹೋಗಿ ಯಾರ ಜೊತೆ ಜಗಳ ಆಡ್ತೀಯ? ತಿನ್ನು,” ಎಂದಳು.

ಕೊಬ್ಬು ಅವಳಿಗೆ ಆಗುವುದಿಲ್ಲ. ಆದರೂ ಕೊನೆಯ ಚೂರಿನ ತನಕ ತಿಂದಳು. ನಾನೂ ತಿಂದೆ.

ಮೇ ೫

ಎಚ್ಚರವಾದಾಗ ಬೆಳಕಾಗಿತ್ತು. ಗೊರಕೆ ಇಲ್ಲ.

ಕಿವಿಗೊಟ್ಟೆ. ಇಲ್ಲ. ನಿನ್ನೆಯ ಕೊಬ್ಬು, ಅವಳ ಹೊಟ್ಟೆ, ಆ ಹಾಳು ಮೂಳೆ, ಎಲ್ಲ ಒಟ್ಟಿಗೇ ತಲೆಯಲ್ಲಿ ಸುತ್ತಿದವು. ಅವಳ ಹಾಸಿಗೆ ಖಾಲಿ. “ಬುರುಲ್! ಏ ಬುರುಲ್!” ಎಂದು ಕೂಗುತ್ತ ಅಡುಗೆಮನೆಗೆ ಓಡಿದೆ.

ಅವಳು ಲ್ಯಾಪ್‌ಟಾಪ್ ಮುಂದೆ ಕೂತಿದ್ದಳು. ಚೀಲ ಕಾಲ ಬಳಿಯೇ ಇತ್ತು.

“ಸತ್ತಿಲ್ಲ ಕಣೇ, ಯಾಕೆ ಬೊಬ್ಬೆ ಹೊಡೀತೀಯ? ನಿನ್ನ ಕೋಲೆಲ್ಲಿ?”

ಕೋಲು ಮಂಚದ ಬಳಿಯೇ ಉಳಿದಿತ್ತು. “ನೀನೇನು ಮಾಡ್ತಿದ್ದೀಯ ಇಲ್ಲಿ?” ಎಂದೆ.

“ಸುಮ್ನೆ ಏನೋ ಒತ್ತಿದೆ. ಅದು ಏನೋ ಕೇಳ್ತು. ಹೂಂ ಅಂದೆ. ಮತ್ತೆ ಕೇಳ್ತು. ಮತ್ತೆ ಹೂಂ ಅಂದೆ. ಮನೆ ಬಾಗಿಲಿಗೆ ಬಂದು ಕೇಳಿದೋರಿಗೆ ಇಲ್ಲ ಅನ್ನಬಾರದಲ್ಲ.”

ನೋಡಿದೆ. ಪ್ರೋಗ್ರಾಂ ಇಲ್ಲ. ಹೆಸರುಗಳಿಲ್ಲ, ವರ್ಷಗಳಿಲ್ಲ, ಇಲಿ ಹಸು ಚಿರತೆ ಯಾವುದೂ ಇಲ್ಲ. ಕಸದ ಬುಟ್ಟಿಯನ್ನೂ ಖಾಲಿ ಮಾಡಿದ್ದಾಳೆ. ಸುಮ್ಮನೆ ಏನೋ ಒತ್ತಿದವರ ಕೆಲಸವಲ್ಲ ಇದು. ಇಷ್ಟು ದಿನ ನನ್ನ ಬೆನ್ನ ಹಿಂದೆ ನಿಂತು ಏನೇನು ನೋಡಿಕೊಂಡಿದ್ದಳೋ!

“ಎಲ್ಲಾ ಹೋಯ್ತಾ?” ಎಂದಳು, ನನ್ನನ್ನು ನೋಡದೆ.

“ಎಲ್ಲಾ ಹೋಯ್ತು.”

“ಮತ್ತೆ ಮೊದಲಿಂದ ಬರೀಬೇಕಾ?”

“ಮೊದಲಿಂದ ಬರೀಬೇಕು. ಪ್ರತಿಯೊಬ್ಬರ ವಿವರಾನೂ ಹೊಸದಾಗಿ ಕೇಳ್ಬೇಕು.”

“ನಂದೂ?”

“ನಿಂದೇ ಮೊದಲು.”

ಅವಳು ಎರ್ಕಿನ್‌ಗೆ ಫೋನ್ ಮಾಡಿ, ಕಾರು ಬೇಡ, ಕಂಪ್ಯೂಟರಿಗೆ ಹುಷಾರಿಲ್ಲ ಎಂದಳು. ಚೀಲದಿಂದ ದಿಂಬು ತೆಗೆದು ಮಂಚಕ್ಕೆ ಎಸೆದು ಬಂದಳು. ಚಹಾ ಸೋಸಿ, ಕಪಾಟಿನ ಕಡೆ, ಸಕ್ಕರೆ ಡಬ್ಬಿಗೆ ಕೈ ಚಾಚಿದಳು.

“ನೀನು ಕೂತ್ಕೋ,” ಎಂದೆ. “ಸಕ್ಕರೆ ನಾನೇ ತರ್ತೀನಿ.”

ತಂದು, ಡಬ್ಬಿಯ ಹಿಂದಿದ್ದ ಪೆನ್‌ಡ್ರೈವನ್ನು ಅಂಗಿಯ ಜೇಬಿಗೆ ಇಳಿಸಿ, ಅವಳ ಎದುರು ಕೂತೆ.

“ಹೇಳು. ನೀನು ಹುಟ್ಟಿದ ದಿನ ಹಿಮ ಬಿದ್ದಿತ್ತಾ?”